ವಿಮಾನಗಳು ಬಿಟ್ಟುಹೋದ ಬಯಲು

ತೆಂಗಿನ ಸೀಮೆಯಲ್ಲಿ ಕಾಲಕ್ಕೆ ಅವಸರವಿಲ್ಲ. ಸಸಿ ನೆಟ್ಟ ರೈತನು ಮೊದಲ ಹೊಂಬಾಳೆಯ ಮುಖ ನೋಡಲು ಆರೇಳು ವರ್ಷ ಕಾಯಬೇಕು. ಕೊಯ್ದ ಕಾಯಿ ಉಂಡೆ ಕೊಬ್ಬರಿಯಾಗಿ ತಿಪಟೂರಿನ ಮಾರುಕಟ್ಟೆಗೆ ಹೊರಡುವ ಮೊದಲು ವರ್ಷಕ್ಕೆ ಸಮೀಪದಷ್ಟು ಕಾಲ ಅಟ್ಟದ ಮೇಲೆ ಸುಮ್ಮನೆ ಮಲಗಿರಬೇಕು. ಒಳಗಿನ ನೀರು ತಾನಾಗಿ ಇಂಗಬೇಕು. ತಿರುಳು ತಾನಾಗಿ ಚಿಪ್ಪನ್ನು ಬಿಡಬೇಕು. ಅಲ್ಲಾಡಿಸಿದಾಗ ಗುಡುಗುಡು ಎಂಬ ಸದ್ದು ಕೇಳಬೇಕು. ಅಲ್ಲಿಯವರೆಗೆ ಅವಸರಪಡಿಸಿ ಪ್ರಯೋಜನವಿಲ್ಲವೆಂಬುದು ಕಂದಿಕೆರೆಯ ಮಕ್ಕಳಿಗೂ ತಿಳಿದ ಮಾತು. ಒಂದು ಕಡೆ ಅದಿರಿನ ಕೆಂಪು ಗುಡ್ಡಗಳು, ಇನ್ನೊಂದು ಕಡೆ ತೋಟದ ನೆರಳು, ನಡುವೆ ಕೆರೆಯ ಏರಿ; ಇಂಥ ಊರಿನಲ್ಲಿ ನಿಂತವನಿಗೆ ಮಹಾಯುದ್ಧವೆಂಬುದು ಮತ್ತಾವುದೋ ಲೋಕದ ಸಮಾಚಾರವೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೆ ಯುದ್ಧಕ್ಕೆ ದೂರವೆಂಬುದಿಲ್ಲ. 1943ರಿಂದ ಚಲಾವಣೆಗೆ ಬಂದ ತೂತಿನ ಕಾಸು ಹಳ್ಳಿಯ ಸಂತೆಗೂ ಬಂದಿತು. ತಾಮ್ರವೆಲ್ಲ ಯುದ್ಧದ ಕಾರ್ಖಾನೆಗಳಿಗೆ ಬೇಕಾಗಿದ್ದುದರಿಂದ ಸರ್ಕಾರವು ಕಾಸಿನ ನಡುವಿನ ಲೋಹವನ್ನೂ ಉಳಿಸಿಕೊಂಡಿತು. ತೆಂಗಿನ ಎಣ್ಣೆಗೂ ಯುದ್ಧಕ್ಕೂ ಇರುವ ನಂಟು ಇದಕ್ಕಿಂತ ವಿಚಿತ್ರವಾದುದು. ಎಣ್ಣೆಯಿಂದ ಸಾಬೂನು ಮಾಡುವಾಗ ದೊರೆಯುವ ಗ್ಲಿಸರಿನ್‌ನಿಂದ ಸಿಡಿಮದ್ದು ತಯಾರಾಗುತ್ತದೆ. ಕೊಬ್ಬರಿಯನ್ನು ಹೇರಳವಾಗಿ ಒದಗಿಸುತ್ತಿದ್ದ ಫಿಲಿಪ್ಪೀನ್ಸ್ ಮತ್ತು ಮಲಯಾ 1942ರ ಮಧ್ಯದ ಹೊತ್ತಿಗೆ ಜಪಾನಿನ ವಶವಾಗಿದ್ದುವು. ದೇವರ ಮುಂದೆ ಒಡೆಯುವ ಕಾಯಿಯ ಎಣ್ಣೆಯನ್ನು ಪ್ರಪಂಚದ ಸೇನಾಧಿಪತಿಗಳೂ ಲೆಕ್ಕಹಾಕತೊಡಗಿದರು.

ಆ ವರ್ಷದ ಘಟನೆಗಳನ್ನು ಒಂದರ ಪಕ್ಕದಲ್ಲೊಂದಿರಿಸಿ ನೋಡಿದರೆ ಮೈಸೂರು ಸೀಮೆಗೆ ವಿಮಾನಗಳು ಏಕೆ ಬಂದುವೆಂಬುದು ಸ್ಪಷ್ಟವಾಗುತ್ತದೆ. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಿತು. ಮಾರ್ಚ್ 8ರಂದು ರಂಗೂನ್ ಕೈತಪ್ಪಿತು. ಏಪ್ರಿಲ್ 5ರಂದು ಕೊಲಂಬೊ ಮೇಲೆ, ಮರುದಿನ ವಿಶಾಖಪಟ್ಟಣ ಮತ್ತು ಕಾಕಿನಾಡಗಳ ಮೇಲೆ ಬಾಂಬುಗಳು ಬಿದ್ದುವು. ಅಲ್ಲಿಯವರೆಗೆ ವಾಯವ್ಯ ಗಡಿಯನ್ನೇ ನೋಡುತ್ತ ಕುಳಿತಿದ್ದ ಬ್ರಿಟಿಷ್ ಭಾರತ ಸರ್ಕಾರವು ಒಮ್ಮೆಗೇ ಪೂರ್ವಕ್ಕೂ ದಕ್ಷಿಣಕ್ಕೂ ತಿರುಗಬೇಕಾಯಿತು. ಇನ್ನೂರಕ್ಕೂ ಹೆಚ್ಚು ವಿಮಾನ ನೆಲೆಗಳನ್ನು ಕಟ್ಟುವ ಯೋಜನೆ ಆಗ ಸಿದ್ಧವಾಯಿತು. ಅಸ್ಸಾಮಿನ ಕಾಡಿನಿಂದ ತಮಿಳುನಾಡಿನ ಒಣಬಯಲಿನವರೆಗೆ ಎಲ್ಲೆಲ್ಲಿ ಸಮತಟ್ಟಾದ ನೆಲ ಕಂಡಿತೋ ಅಲ್ಲೆಲ್ಲ ಸರಪಳಿ ಹಿಡಿದು ಅಳೆಯುವವರು ಕಾಣಿಸಿಕೊಂಡರು.

ಯುದ್ಧರಂಗದ ಸಮೀಪದಲ್ಲಿ ಕಾದಾಡುವ ನೆಲೆಗಳು ಬೇಕಾದಂತೆ, ಶತ್ರುವಿನ ವಿಮಾನಗಳು ಸುಲಭವಾಗಿ ತಲುಪಲಾರದ ದೂರದಲ್ಲಿ ಕಲಿಸುವ ಮತ್ತು ದುರಸ್ತಿ ಮಾಡುವ ನೆಲೆಗಳೂ ಬೇಕು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ, ಹಿತವಾದ ಹವೆಯ ಬೆಂಗಳೂರಿನ ಪ್ರಸ್ಥಭೂಮಿ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಶಿವನಸಮುದ್ರದ ವಿದ್ಯುತ್ತು 1905ರಿಂದಲೇ ಬೆಂಗಳೂರಿಗೆ ಹರಿಯುತ್ತಿತ್ತು. ಭದ್ರಾವತಿಯಲ್ಲಿ ಉಕ್ಕಿನ ಕಾರ್ಖಾನೆಯಿತ್ತು. ಟಾಟಾ ವಿಜ್ಞಾನಮಂದಿರವೆಂದು ಊರವರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವಿಮಾನಶಾಸ್ತ್ರದ ವಿಭಾಗವೂ ಆರಂಭವಾಯಿತು.

ಅದಕ್ಕೂ ಮೊದಲೇ ಮೈಸೂರಿನಲ್ಲಿ ಒಂದು ಬೀಜ ಬಿದ್ದಿತ್ತು. 1939ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಅಮೆರಿಕದಿಂದ ಪೂರ್ವಕ್ಕೆ ಹಾರುತ್ತಿದ್ದಾಗ ವಿಲಿಯಂ ಪಾಲಿ ಎಂಬ ವಿಮಾನೋದ್ಯಮಿಯ ಪರಿಚಯವಾಯಿತು. ಪ್ರಯಾಣದ ಮಾತುಕತೆಯಲ್ಲಿ ಹುಟ್ಟಿದ ಆಲೋಚನೆಯನ್ನು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರು ತಡಮಾಡದೆ ಬರಮಾಡಿಕೊಂಡರು. ಸಂಸ್ಥಾನವು ಬೆಂಗಳೂರಿನ ಹೊರವಲಯದಲ್ಲಿ 700 ಎಕರೆ ನೆಲವನ್ನು ಕೊಟ್ಟು, ಬಂಡವಾಳದಲ್ಲಿಯೂ ಪಾಲುಗೊಂಡಿತು. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ನೋಂದಣಿಯಾಯಿತು. ಮರುವರ್ಷ ಆಗಸ್ಟಿನಲ್ಲಿ ಹಾರ್ಲೊ ಎಂಬ ಶಿಕ್ಷಣ ವಿಮಾನ ಅಲ್ಲಿಂದ ಮೇಲೇರಿತು. 1942ರ ಜುಲೈಯಲ್ಲಿ ಕರ್ಟಿಸ್ ಹಾಕ್ ಎಂಬ ಯುದ್ಧವಿಮಾನ. ಬಿಡಿಭಾಗಗಳು ಸಾಗರದಾಚೆಯಿಂದ ಬಂದುವಾದರೂ ಜೋಡಿಸಿದ ಕೈಗಳು ಈ ನೆಲದವು.

ಇದೇ ಕಾಲದಲ್ಲಿ ಮೈಸೂರಿನ ಹೆಸರು ಇಂಗ್ಲೆಂಡಿನ ಆಕಾಶದಲ್ಲಿಯೂ ಹಾರಿತೆಂಬುದು ಹಲವರಿಗೆ ತಿಳಿಯದು. 1941ರಲ್ಲಿ ರೂಪುಗೊಂಡ ಬ್ರಿಟಿಷ್ ವಾಯುಪಡೆಯ 129ನೆಯ ಸ್ಕ್ವಾಡ್ರನ್ನಿಗೆ ಸಂಸ್ಥಾನದ ಧನಸಹಾಯದ ಕಾರಣ ‘ಮೈಸೂರು’ ಎಂಬ ಹೆಸರಿಟ್ಟರು. ಅದರ ಲಾಂಛನದಲ್ಲಿದ್ದುದು ನಮ್ಮ ಗಂಡಭೇರುಂಡ. ಕೆಳದಿಯ ಗುಡಿಯ ಕಲ್ಲಿನಲ್ಲಿಯೂ ಅರಮನೆಯ ಬಾಗಿಲಲ್ಲಿಯೂ ಕುಳಿತಿದ್ದ ಎರಡು ತಲೆಯ ಹಕ್ಕಿ ಸ್ಪಿಟ್‌ಫೈರ್ ವಿಮಾನಗಳ ಪಡೆಗೆ ಗುರುತಾಗಿ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿತು.

ಬೆಂಗಳೂರಿನ ಉತ್ತರಕ್ಕೆ ಯಲಹಂಕದಲ್ಲಿ ಇನ್ನೊಂದು ನೆಲೆ. 1944ರ ಫೆಬ್ರವರಿಯಲ್ಲಿ ಅಲ್ಲಿ ಮಸ್ಕೀಟೋ ವಿಮಾನಗಳನ್ನು ನಡೆಸಲು ಕಲಿಸುವ ಘಟಕವೊಂದು ಆರಂಭವಾಯಿತು. ಬರ್ಮಾದ ಯುದ್ಧಕ್ಕೆ ಹೋಗಬೇಕಾದ ಪಡೆಗಳು ತಮ್ಮ ಹಳೆಯ ವೆಂಜೆನ್ಸ್ ವಿಮಾನಗಳನ್ನು ಬಿಟ್ಟು ಹೊಸ ವಿಮಾನಕ್ಕೆ ಇಲ್ಲಿ ಕೈಪಳಗಿಸಿಕೊಂಡುವು. ಮಸ್ಕೀಟೋ ಎಂದರೆ ಸೊಳ್ಳೆ. ಸೊಳ್ಳೆಯಂತೆಯೇ ಹಗುರ, ಸೊಳ್ಳೆಯಂತೆಯೇ ಚುರುಕು. ಏಕೆಂದರೆ ಅದರ ಒಡಲೆಲ್ಲ ಮರ. ಬರ್ಚ್ ಮರದ ತೆಳುಹಲಗೆಗಳ ನಡುವೆ ಬಾಲ್ಸಾ ಎಂಬ ಹತ್ತಿಯಷ್ಟು ಹಗುರವಾದ ಮರವನ್ನಿಟ್ಟು ಅಂಟಿನಿಂದ ಬೆಸೆದಿದ್ದರು. ತೀರ ಜಾಣತನದ ಕೆಲಸ. ಆದರೆ ಇಂಗ್ಲೆಂಡಿನ ಬಡಗಿಯ ಲೆಕ್ಕಾಚಾರಕ್ಕೆ ಭಾರತದ ಬಿಸಿಲೂ ಮಳೆಯೂ ಪೂರ್ತಿ ಒಗ್ಗಲಿಲ್ಲ. 1944ರ ಕೊನೆಯಲ್ಲಿ ಕೆಲವು ವಿಮಾನಗಳ ರೆಕ್ಕೆಗಳು ಹಾರಾಟದ ನಡುವೆಯೇ ಕಳಚಿಬಿದ್ದು ಪ್ರಾಣಹಾನಿಯಾಯಿತು. ಹಾರಾಟವನ್ನು ನಿಲ್ಲಿಸಿ ಎಲ್ಲ ವಿಮಾನಗಳನ್ನೂ ಪರೀಕ್ಷಿಸಬೇಕಾಯಿತು. ಮಳೆಗಾಲ ಕಳೆದ ಮೇಲೆ ಬಾಗಿಲಿನ ಬೆಸುಗೆ ಬಿಡುವುದನ್ನು ಪ್ರತಿವರ್ಷ ನೋಡುವ ಹಳ್ಳಿಯ ಆಚಾರಿಗೆ ಈ ಸಂಗತಿಯಲ್ಲಿ ಆಶ್ಚರ್ಯವೇನೂ ಕಾಣುತ್ತಿರಲಿಲ್ಲ.

ಮೂರನೆಯದು ಕೋಲಾರ. ಚಿನ್ನದ ಹೆಸರಿನಿಂದ ಲೋಕಪ್ರಸಿದ್ಧವಾದ ಆ ಸೀಮೆಗೆ ಯುದ್ಧವು ತಂದುದು ಲಿಬರೇಟರ್ ಎಂಬ ಅಮೆರಿಕದ ಭಾರಿ ಬಾಂಬರನ್ನು. ನಾಲ್ಕು ಎಂಜಿನು, 110 ಅಡಿ ಅಗಲದ ರೆಕ್ಕೆ, ಸಾವಿರಾರು ಮೈಲಿ ಹಾರುವ ಶಕ್ತಿ. ಇದನ್ನು ನಡೆಸಲು ಕಲಿಸುವ ಘಟಕ ಕೋಲಾರದಲ್ಲಿತ್ತು. 1944ರ ನವೆಂಬರಿನಲ್ಲಿ ಅದೇ ಘಟಕದ ವಿಮಾನ ಮತ್ತು ಸಿಬ್ಬಂದಿಯಿಂದ ಬ್ರಿಟಿಷ್ ವಾಯುಪಡೆಯ 358ನೆಯ ಸ್ಕ್ವಾಡ್ರನ್ ಹುಟ್ಟಿತು. 1945ರ ಜನವರಿಯಲ್ಲಿ ಅದು ಬಂಗಾಳಕ್ಕೆ ಹೊರಟಿತು. ಬಾಂಬು ಹಾಕಿದ್ದು ಬಹಳ ಕಡಿಮೆ. ಅದರ ಮುಖ್ಯ ಕೆಲಸ ಗುಪ್ತವಾದುದು. ಬರ್ಮಾ, ಸಯಾಮ್, ಇಂಡೋಚೈನಾಗಳ ಕಾಡುಗಳ ಮೇಲೆ ರಾತ್ರಿ ಹಾರಿ, ಶತ್ರುವಿನ ಹಿಂದೆ ಅಡಗಿ ಕೆಲಸಮಾಡುವವರನ್ನೂ ಅವರಿಗೆ ಬೇಕಾದ ಸಾಮಗ್ರಿಯನ್ನೂ ಹವಾಛತ್ರಿಗಳಿಂದ ಇಳಿಸುವುದು. ಹೋದವರಲ್ಲಿ ಹಿಂದಿರುಗದವರೂ ಇದ್ದರು. 1945ರ ನವೆಂಬರಿನಲ್ಲಿ ಆ ಪಡೆಯನ್ನು ವಿಸರ್ಜಿಸಿದರು. ಅದರ ಆಯುಷ್ಯ ಒಟ್ಟು ಒಂದು ವರ್ಷ. ನೆಟ್ಟ ತೆಂಗಿನ ಸಸಿ ಎರಡನೆಯ ಬೇಸಗೆಯನ್ನು ಕಾಣುವುದಕ್ಕೆ ಮೊದಲೇ ಹುಟ್ಟಿ, ಹೋರಾಡಿ, ಇಲ್ಲವಾದ ಪಡೆ ಅದು.

ಯುದ್ಧ ಮುಗಿಯಿತು. ಅವಸರದಲ್ಲಿ ಬಂದವರು ಅವಸರದಲ್ಲಿಯೇ ಹೊರಟರು. ಕೋಲಾರದ ನೆಲೆಗೆ ಕೆಲಸವಿಲ್ಲದಾಯಿತು. ಇಂದು ಆ ಊರಿಗೆ ನಡೆಯುವ ವಿಮಾನ ನಿಲ್ದಾಣವೆಂಬುದೇ ಇಲ್ಲ. ದಕ್ಷಿಣ ಭಾರತದ ಅಲ್ಲಲ್ಲಿ ಅಸುನೀಗಿ, ಅಲ್ಲಲ್ಲಿನ ಸ್ಮಶಾನಗಳಲ್ಲಿ ಮಣ್ಣಾಗಿದ್ದ ಯುದ್ಧಕಾಲದ ಎಷ್ಟೋ ಸೈನಿಕರ ಅವಶೇಷಗಳನ್ನು, ಶಾಶ್ವತವಾಗಿ ನೋಡಿಕೊಳ್ಳುವುದು ಸಾಧ್ಯವಿಲ್ಲವೆಂಬ ಕಾರಣದಿಂದ, 1952ರಲ್ಲಿ ಸಿದ್ಧಪಡಿಸಿದ ಮದರಾಸಿನ ಯುದ್ಧ ಸ್ಮಶಾನಕ್ಕೆ ಸಾಗಿಸಿದರು. ಸತ್ತವರೂ ಹೀಗೆ ಹೊರಟುಹೋದ ಮೇಲೆ ಬಯಲಿನಲ್ಲಿ ನೆನಪಿಗೆ ಉಳಿಯುವುದೇನು?

ಬೇರೆ ನೆಲೆಗಳ ಗತಿಯನ್ನು ನೋಡಿದರೆ ಒಂದೊಂದರ ಹಣೆಬರಹ ಒಂದೊಂದು ಬಗೆ. ಮದರಾಸಿನ ಬಳಿಯ ಶೋಲಾವರಂ ನೆಲೆ ಯುದ್ಧಾನಂತರ ದಶಕಗಳ ಕಾಲ ಮೋಟಾರು ಪಂದ್ಯಗಳ ಅಂಗಳವಾಯಿತು. ತಮಿಳುನಾಡಿನ ಚೆಟ್ಟಿನಾಡು, ಉಳುಂದೂರುಪೇಟೆಗಳಲ್ಲಿ ವಿಮಾನ ಕಾಣದ ಕಾಂಕ್ರೀಟಿನ ಹಾದಿಗಳು ಬಿಸಿಲಿಗೆ ಬಿರಿದುಕೊಂಡು ಬಿದ್ದುವು. ನಮ್ಮ ಬೆಳಗಾವಿಯ ಸಾಂಬ್ರಾ ಉಳಿದುಕೊಂಡು ನಾಗರಿಕರ ನಿಲ್ದಾಣವಾಯಿತು. ಬೀದರಿನ ನೆಲೆ ಭಾರತೀಯ ವಾಯುಸೇನೆಯ ತರುಣರಿಗೆ ಪಾಠಶಾಲೆಯಾಯಿತು. ಯಲಹಂಕದ ನೆಲೆಯೂ ವಾಯುಸೇನೆಯದಾಯಿತು. 1996ರಿಂದ ಅಲ್ಲಿ ನಡೆಯುವ ವಿಮಾನ ಪ್ರದರ್ಶನವನ್ನು ನೋಡಲು ಮಕ್ಕಳನ್ನು ಹೆಗಲಿಗೇರಿಸಿಕೊಂಡು ಹೋಗದ ಬೆಂಗಳೂರಿನ ಸಂಸಾರಗಳು ಕಡಿಮೆ.

ಎಲ್ಲಕ್ಕಿಂತ ಕರುಣಾಜನಕವಾದುದು ಬೆಳ್ಳಂದೂರು ಕೆರೆಯ ಕಥೆ. 1943ರಲ್ಲಿ ಅಮೆರಿಕದ ಸೇನೆಯು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ತನ್ನ ದುರಸ್ತಿಯ ಡಿಪೊ ಮಾಡಿಕೊಂಡಿತು. ಡಕೋಟಾ, ಮಿಚೆಲ್, ಲಿಬರೇಟರ್ ವಿಮಾನಗಳ ಜೊತೆಗೆ ನೀರಿನ ಮೇಲಿಳಿಯುವ ಕ್ಯಾಟಲೀನಾಗಳೂ ಚಿಕಿತ್ಸೆಗೆ ಬಂದುವು. ಅವುಗಳಿಗೆ ಹಾದಿಯಾದುದು ಕಾರ್ಖಾನೆಯ ಸಮೀಪದ ಬೆಳ್ಳಂದೂರು ಕೆರೆ. ವಿಮಾನದ ಬಿಳಿಯ ನೊರೆಯನ್ನು ಕಂಡಿದ್ದ ಆ ನೀರು ಪಟ್ಟಣದ ಕೊಳಚೆ ಸೇರಿ ತಾನೇ ನೊರೆಯಾಯಿತು. 2015ರಲ್ಲಿಯೂ 2017ರಲ್ಲಿಯೂ ಕೆರೆಗೆ ಬೆಂಕಿ ಹತ್ತಿಕೊಂಡ ಸುದ್ದಿ ದೇಶವನ್ನೇ ಬೆರಗುಗೊಳಿಸಿತು. ಯುದ್ಧವು ಕೆಡಿಸದ ಕೆರೆಯನ್ನು ಶಾಂತಿಯ ಕಾಲದ ಅಲಕ್ಷ್ಯ ಕೆಡಿಸಿತು.

ಆದರೆ ಆ ಕಾರ್ಖಾನೆಯ ಕಥೆ ಕೆರೆಯ ಕಥೆಯಂತೆ ಮುಗಿಯಲಿಲ್ಲ. ಅಮೆರಿಕನ್ನರು ಹೊರಟಾಗ ಒಯ್ಯಲಾಗದ ಒಂದು ವಸ್ತು ಬೆಂಗಳೂರಿನಲ್ಲಿ ಉಳಿಯಿತು. ಎಂಜಿನನ್ನು ಬಿಚ್ಚಿ ಮತ್ತೆ ಜೋಡಿಸಬಲ್ಲ, ತಗಡನ್ನು ಕೂದಲೆಳೆಯಷ್ಟು ನಿಖರವಾಗಿ ಮಣಿಸಬಲ್ಲ ಸಾವಿರಾರು ಕೈಗಳ ಪಳಗಿಕೆ ಅದು. ಮಾಡಲು ವಿಮಾನಗಳಿಲ್ಲದಾಗ ಅದೇ ಕೈಗಳು ಬಸ್ಸಿನ ಒಡಲುಗಳನ್ನೂ ಮೂರನೆಯ ದರ್ಜೆಯ ರೈಲುಡಬ್ಬಿಗಳನ್ನೂ ಕಟ್ಟಿದುವು. ಆ ರೈಲುಡಬ್ಬಿಯ ಕೆಲಸವೇ ಬೆಳೆದು 1960ರ ದಶಕದಲ್ಲಿ ಭಾರತ್ ಅರ್ತ್ ಮೂವರ್ಸ್ ಎಂಬ ಬೇರೆ ಸಂಸ್ಥೆಯ ಪಾಲಿಗೆ ಹೋಯಿತು.

ಆ ಪಳಗಿಕೆಯ ನಿಜವಾದ ಪರೀಕ್ಷೆ ನಡೆದುದು ಕಾನ್ಪುರದ ಗುಜರಿಯಲ್ಲಿ. ಯುದ್ಧಕಾಲದಲ್ಲಿ ಅಮೆರಿಕವು ಎರವಲು ಕೊಟ್ಟ ವಿಮಾನಗಳನ್ನು ಬ್ರಿಟಿಷರು ಯುದ್ಧ ಮುಗಿದ ಮೇಲೆ ಬಳಸುವಂತಿರಲಿಲ್ಲ. ಹಿಂದಿರುಗಿಸಬೇಕು, ಇಲ್ಲವೆ ನಾಶಮಾಡಬೇಕು. ಆದುದರಿಂದ ಹತ್ತಾರು ಲಿಬರೇಟರುಗಳನ್ನು ಕಾನ್ಪುರದಲ್ಲಿ ಒಟ್ಟಿ, ಮತ್ತಾರೂ ಹಾರಿಸಲಾಗದಂತೆ ಜಜ್ಜಿ ಕೆಡಿಸಿ ಬಿಟ್ಟುಹೋದರು. ಸ್ವತಂತ್ರ ಭಾರತಕ್ಕೆ ಭಾರಿ ಬಾಂಬರುಗಳು ಬೇಕಾಗಿದ್ದುವು. ಕೊಳ್ಳಲು ಹಣವಿಲ್ಲ, ಮಾರುವವರಿಗೆ ಮನಸ್ಸಿಲ್ಲ. ಬೆಂಗಳೂರಿನ ಕಾರ್ಖಾನೆಯ ಜನ ಕಾನ್ಪುರಕ್ಕೆ ಹೋಗಿ, ಒಂದರ ರೆಕ್ಕೆ ಇನ್ನೊಂದರ ಬಾಲ ಹುಡುಕಿ, ಬೆಂಗಳೂರಿನವರೆಗೆ ಹಾರುವಷ್ಟು ಮಟ್ಟಿಗೆ ಆ ಹೆಣಗಳಿಗೆ ಜೀವ ಕೊಟ್ಟರು. ಹಾಗೆ ತೇಪೆಹಾಕಿದ ವಿಮಾನಗಳನ್ನು ಕಾರ್ಖಾನೆಯ ಪರೀಕ್ಷಾ ಚಾಲಕ ಜಮ್‌ಶೆಡ್ ಮುನ್ಶಿಯವರು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಅಲ್ಲಿ ಅವುಗಳ ಪೂರ್ಣ ದುರಸ್ತಿ ನಡೆಯಿತು. 1948ರ ಕೊನೆಯಲ್ಲಿ ಮೊದಲ ಲಿಬರೇಟರುಗಳು ವಾಯುಸೇನೆಯ 5ನೆಯ ಸ್ಕ್ವಾಡ್ರನ್ನನ್ನು ಸೇರಿದುವು. ಕೆಡಿಸಿಹೋದವರು ಇನ್ನು ಹಾರಲಾರವೆಂದು ತಿಳಿದಿದ್ದ ವಿಮಾನಗಳು 1968ರವರೆಗೆ ಹಾರಿದುವು! ನಿವೃತ್ತಿಯ ನಂತರ ಒಂದನ್ನು ಬ್ರಿಟಿಷ್ ವಾಯುಪಡೆಯ ವಸ್ತುಸಂಗ್ರಹಾಲಯಕ್ಕೇ ಉಡುಗೊರೆಯಾಗಿ ಕಳುಹಿಸಿಕೊಟ್ಟುದು ಇತಿಹಾಸದ ಒಂದು ಮುಗುಳ್ನಗೆಯೆನ್ನಬೇಕು. ಅದೇ ಮುನ್ಶಿಯವರು 1951ರ ಆಗಸ್ಟಿನಲ್ಲಿ, ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಭಾರತದಲ್ಲಿಯೇ ರೂಪಿತವಾದ ಎಚ್‌ಟಿ-2 ಶಿಕ್ಷಣ ವಿಮಾನವನ್ನು ಮೊದಲ ಬಾರಿಗೆ ಹಾರಿಸಿದರು.

ಕೋಲಾರವೂ ಬೆಂಗಳೂರೂ ಒಂದೇ ಯುದ್ಧವನ್ನು ಕಂಡುವು, ಲಿಬರೇಟರೆಂಬ ಒಂದೇ ವಿಮಾನವನ್ನು ಕಂಡುವು. ಒಂದು ಬರಿಯ ಬಯಲಾಯಿತು, ಇನ್ನೊಂದು ಉದ್ಯಮವಾಯಿತು. ಪಟ್ಟಣದ ಸಾಮೀಪ್ಯ, ವಿದ್ಯುತ್ತು, ಸರ್ಕಾರದ ಬಂಡವಾಳ ಇವೆಲ್ಲ ಕಾರಣಗಳು ಹೌದು. ಆದರೆ ಅವೆಲ್ಲಕ್ಕೂ ಮೇಲಾದ ಒಂದು ಕಾರಣವುಂಟು. ಕೋಲಾರದಲ್ಲಿ ಕಲಿತವರು ದೂರದಿಂದ ಬಂದು ದೂರಕ್ಕೆ ಹೋದರು. ಬೆಂಗಳೂರಿನಲ್ಲಿ ಕಲಿತವರು ಸಂಜೆ ಸೈಕಲ್ಲು ತುಳಿದು ಹಲಸೂರಿಗೂ ಮಲ್ಲೇಶ್ವರಕ್ಕೂ ತಮ್ಮ ತಮ್ಮ ಮನೆಗಳಿಗೆ ಹಿಂದಿರುಗಿದರು. ನೆಲದ ಮೇಲೆ ಸುರಿದ ಕಾಂಕ್ರೀಟು ಎರಡು ಕಡೆಯೂ ಒಂದೇ. ಮನುಷ್ಯರಲ್ಲಿ ಸುರಿದ ವಿದ್ಯೆ ಒಂದು ಕಡೆ ಮಾತ್ರ ಉಳಿಯಿತು.

ಇಷ್ಟು ಹೇಳಿದ ಮೇಲೆಯೂ ಒಂದು ಲೆಕ್ಕ ಬಾಕಿ ಉಳಿಯುತ್ತದೆ. ಕೋಲಾರದಿಂದ ಹೊರಟ ಲಿಬರೇಟರುಗಳ ದಿನಚರಿ, ಚಾಲಕರ ಹೆಸರು, ಹೊರಟ ಹೊತ್ತು, ಹಿಂದಿರುಗಿದ ಹೊತ್ತು, ಎಲ್ಲವನ್ನೂ ಬ್ರಿಟನ್ನಿನ ರಾಷ್ಟ್ರೀಯ ದಫ್ತರಖಾನೆಯಲ್ಲಿ ಜೋಪಾನವಾಗಿಟ್ಟಿದ್ದಾರೆ. ಆದರೆ ಓಟದ ಹಾದಿಗೆ ಜಲ್ಲಿ ಹೊತ್ತವರಾರು? ಯುದ್ಧಕಾಲದ ಭಾರತದ ವಿಮಾನ ನೆಲೆಗಳ ಛಾಯಾಚಿತ್ರಗಳಲ್ಲಿ ಎಲ್ಲೆಲ್ಲೂ ಕಾಣುವ ದೃಶ್ಯ ಒಂದೇ. ಒಂದರ ಹಿಂದೊಂದಾಗಿ ತಲೆಯ ಮೇಲೆ ಮಂಕರಿ ಹೊತ್ತು ಸಾಗುವ ಹೆಂಗಸರ ಸಾಲು. ಹಿನ್ನೆಲೆಯಲ್ಲಿ ಮಲಗಿದ ತಿಮಿಂಗಿಲದಂಥ ಬಾಂಬರು. ಚಿತ್ರದ ಕೆಳಗೆ ವಿಮಾನದ ಜಾತಿಯನ್ನು ಬರೆದಿರುತ್ತಾರೆ. ಹೆಂಗಸರ ಹೆಸರು ಬರೆದಿರುವುದಿಲ್ಲ.

ಮನೆಯ ಜಗಲಿಯ ಮೇಲೆ ಕುಳಿತ ಮೊಮ್ಮಗನೊಬ್ಬ, “ತಾತ, ಆ ಯುದ್ಧದಲ್ಲಿ ನಮ್ಮ ಕಡೆಯವರು ಏನು ಮಾಡಿದರು?” ಎಂದು ಕೇಳಿದನೆನ್ನಿ. “ಕಲ್ಲು ಹೊತ್ತರು ಕಣಪ್ಪ, ಸೀಮೆಎಣ್ಣೆಗೆ ಕಾದು ನಿಂತರು, ಮೇಲೆ ಸದ್ದಾದರೆ ತಲೆಯೆತ್ತಿ ನೋಡಿದರು” ಎಂದು ತಾತ ಹೇಳಬಲ್ಲನೇ ಹೊರತು ಹೆಚ್ಚಿಗೆ ಹೇಳಲಾರ. ಆದರೆ ಇಷ್ಟೂ ಅಲ್ಪವಲ್ಲ. 1944ರಲ್ಲಿ ಹತ್ತು ವರ್ಷದ ಬಾಲಕರಾಗಿದ್ದವರು ಇಂದು ತೊಂಬತ್ತನ್ನು ದಾಟಿದ್ದಾರೆ. ಅವರ ನೆನಪು ಯಾವ ದಫ್ತರಖಾನೆಯಲ್ಲಿಯೂ ಇಲ್ಲ. ಕೇಳಿ ಬರೆದಿಟ್ಟುಕೊಳ್ಳಬೇಕಾದವರು ಮನೆಯ ಮಕ್ಕಳೇ. ಅದಕ್ಕೆ ಬೇಕಾದುದು ಒಂದು ನೋಟುಪುಸ್ತಕ, ಒಂದು ಸಂಜೆ, ಸ್ವಲ್ಪ ತಾಳ್ಮೆ.

ಕಂದಿಕೆರೆಯ ಸೀಮೆಗೆ ಈ ಮಾತು ಹಳೆಯ ಕಥೆ ಮಾತ್ರವಲ್ಲ. ಚಿಕ್ಕನಾಯಕನಹಳ್ಳಿಯ ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ, 1940ರಲ್ಲಿ ಹುಟ್ಟಿದ ಅದೇ ಸಂಸ್ಥೆ 615 ಎಕರೆಗಳಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯನ್ನು ಕಟ್ಟಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆ, 2023ರ ಫೆಬ್ರವರಿ 6ರಂದು ಉದ್ಘಾಟನೆ. ‘ಕಾವಲು’ ಎಂಬ ಮಾತಿನಲ್ಲಿಯೇ ಈ ನಾಡಿನ ಹಳೆಯ ಸೇನೆಯ ನೆನಪಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಆಯಿತು. ಫಿರಂಗಿಗಳನ್ನೆಳೆಯುವ ಎತ್ತುಗಳ ಮೇವಿಗಾಗಿ ತುಮಕೂರು, ಹಾಸನ, ಚಿತ್ರದುರ್ಗಗಳ ಕಡೆ ಕಾವಲುಗಳನ್ನು ಕಾದಿಟ್ಟರು. ಎತ್ತಿನಿಂದ ಹೆಲಿಕಾಪ್ಟರಿಗೆ ಯುದ್ಧದ ವಾಹನ ಬದಲಾಯಿತು. ಅದಕ್ಕೆ ನೆಲ ಕೊಡುವ ಸೀಮೆ ಬದಲಾಗಲಿಲ್ಲ.

ಇಂಥ ಕಾರ್ಖಾನೆಯಿಂದ ಸೀಮೆಗೆ ಲಾಭವೊ ನಷ್ಟವೊ ಎಂದು ಕೇಳುವವರಿಗೆ ಕೋಲಾರ ಮತ್ತು ಬೆಂಗಳೂರುಗಳ ಇತಿಹಾಸವೇ ಅಳತೆಗೋಲು. ಎಷ್ಟು ಎಕರೆ ಹೋಯಿತು, ಎಷ್ಟು ಕೋಟಿ ಬಂದಿತು ಎಂಬ ಲೆಕ್ಕದ ಜೊತೆಗೆ ಮತ್ತೊಂದು ಲೆಕ್ಕವನ್ನೂ ಇಡಬೇಕು. ಗುಬ್ಬಿ, ತಿಪಟೂರು, ಕಂದಿಕೆರೆಗಳ ಎಷ್ಟು ಮಕ್ಕಳು ಅಲ್ಲಿ ಕೆಲಸ ಕಲಿತು ಸಂಜೆ ತಮ್ಮ ಮನೆಗೆ ಹಿಂದಿರುಗುತ್ತಾರೆ? ಆ ಸಂಖ್ಯೆ ದೊಡ್ಡದಾದರೆ, ಮುಂದೊಂದು ದಿನ ಕಾರ್ಖಾನೆಯ ಬಾಗಿಲು ಮುಚ್ಚಿದರೂ ಸೀಮೆ ಬರಿದಾಗಲಾರದು. ಸಂಖ್ಯೆ ಚಿಕ್ಕದಾದರೆ, ಕಾವಲು ಹೋಗಿ ಕಾಂಕ್ರೀಟು ಮಾತ್ರ ಉಳಿದೀತು.